ಬರಿಬಿಲ್ಲಿನ ಗೆರೆಯ ಮೇಲೆ ಹಳಬನಿಗೊಂದು ಜಾಗ

ಇಂದ,
ಗಂಗಾಧರಪ್ಪ,
ಸಂಸ್ಥಾಪಕ ಅಧ್ಯಕ್ಷರು (ಈ ಅರ್ಜಿಯ ಕೊನೆಯ ಸಾಲಿನವರೆಗೆ ಮಾತ್ರ),
ಬರಿಬಿಲ್ಲು ಬಳಗ, ಶಿಕಾರಿಪುರ ಮತ್ತು ಸೊರಬ.
ವೃತ್ತಿ: ಪೈಪು ಮತ್ತು ಪಂಪ್‌ಸೆಟ್ ಅಂಗಡಿ, ಬಸ್ ನಿಲ್ದಾಣದ ಹಿಂದೆ, ಶಿಕಾರಿಪುರ.

ಗೆ,
ಶ್ರೀಮತಿ ಶಶಿರೇಖಾ,
ಕಾರ್ಯದರ್ಶಿಗಳು, ಸದರಿ ಬಳಗ.
(ಹಾಗೂ ಅರ್ಜಿದಾರರ ಸೊಸೆ. ವಾಸ: ಅರ್ಜಿದಾರರ ಮನೆಯಲ್ಲೇ, ಎದುರು ಕೋಣೆ.)

ವಿಷಯ: ಭಾನುವಾರದ ಅಭ್ಯಾಸದಲ್ಲಿಯೂ, ಬನ್ನಿ ಹಬ್ಬದ ಮರುದಿನ ನಡೆಯುವ ಶಿಕಾರಿಪುರ–ಸೊರಬ ಪಂದ್ಯದಲ್ಲಿಯೂ ಅರ್ಜಿದಾರರಿಗೆ ಗೆರೆಯ ಮೇಲೆ ನಿಂತು ಬಾಣ ಬಿಡಲು ಜಾಗ ಕೊಡುವ ಬಗ್ಗೆ.

ಉಲ್ಲೇಖ: ೧) ಬಳಗದ ಆರನೆಯ ನಿಯಮ, ಅರ್ಜಿದಾರರೇ ಬರೆದದ್ದು. ೨) ಮೊನ್ನೆ ರೊಟ್ಟಿ ಬಡಿಯುತ್ತ ತಾವು ನೀಡಿದ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಅರ್ಜಿಯಲ್ಲಿ ನಾನು, ನನಗೆ ಎಂದೆಲ್ಲ ಬರೆದರೆ ಅದು ಮನೆಯ ಮಾತಾಗಿಬಿಡುತ್ತದೆ, ಮನೆಯ ಮಾತನ್ನು ಸಭೆಯ ಮುಂದೆ ಇಡಲು ಬರುವುದಿಲ್ಲ ಎಂದು ತಾವು ತಿಳಿಸಿದ್ದೀರಿ. ಕಾರಣ, ಗಂಗಾಧರಪ್ಪನನ್ನು ಇಲ್ಲಿ ಉದ್ದಕ್ಕೂ 'ಅರ್ಜಿದಾರರು' ಎಂದೇ ಕರೆಯಲಾಗಿದೆ. ಹೀಗೆ ಬರೆಯತೊಡಗಿದ ಮೇಲೆ ಅರ್ಜಿದಾರರಿಗೆ ತಮ್ಮ ಬಗ್ಗೆ ತಮಗೇ ಒಂದಿಷ್ಟು ಗೌರವ ಬಂದಿದೆ. ಇದನ್ನೂ ದಾಖಲೆಗೆ ತೆಗೆದುಕೊಳ್ಳಬೇಕು.

೧. ಬಳಗವು ಹುಟ್ಟಿದ ಬಗ್ಗೆ: ಸದರಿ ಬಳಗವನ್ನು ಅರ್ಜಿದಾರರು ಮತ್ತು ಸೊರಬ ತಾಲೂಕು ಹೊಸಬಾಳೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಶ್ರೀ ಮಾಬ್ಲೇಶ್ವರ ಇವರಿಬ್ಬರೂ ಸೇರಿ ಕಟ್ಟಿದ್ದು. ಮಾಬ್ಲೇಶ್ವರರು ಚಿಕ್ಕಂದಿನಲ್ಲಿ ಗದ್ದೆಗೆ ನುಗ್ಗುವ ಮಂಗಗಳನ್ನು ಬಿದಿರಿನ ಬಿಲ್ಲಿಗೆ ಮಣ್ಣುಂಡೆ ಇಟ್ಟು ಓಡಿಸುತ್ತಿದ್ದವರು. ದೊಡ್ಡವರಾದ ಮೇಲೆ ಮಣ್ಣುಂಡೆ ಬಿಟ್ಟು ಬಾಣ ಹಿಡಿದರು. ಪಂಪ್‌ಸೆಟ್ ಕೂರಿಸಲು ಅವರ ಮನೆಗೆ ಹೋಗಿದ್ದ ಅರ್ಜಿದಾರರು, ಗೋಡೆಗೆ ಒರಗಿಸಿದ್ದ ಬಿಲ್ಲನ್ನು ಸುಮ್ಮನೆ ನೋಡುವುದು ಬಿಟ್ಟು, ಬಾಣ ಹೂಡಿ ಎಳೆದೂ ನೋಡಿದರು. ಬಾಣ ಕೊಟ್ಟಿಗೆಯ ಹೆಂಚಿಗೆ ಹೋಗಿ ತಗುಲಿತು. ಮಾಬ್ಲೇಶ್ವರರು ಹೆಂಚಿನ ಕಡೆ ನೋಡಲೇ ಇಲ್ಲ, ಅರ್ಜಿದಾರರ ಮೊಣಕೈಯನ್ನು ಹಿಡಿದು ಸ್ವಲ್ಪ ಮೇಲಕ್ಕೆತ್ತಿದರು. ಗೆಳೆತನ ಶುರುವಾದದ್ದು ಹೀಗೆ. ಪಂಪ್‌ಸೆಟ್ ಕೂತದ್ದು ಮರುದಿನ.

ಬರಿಬಿಲ್ಲು ಎಂದರೆ ಗುರಿ ತೋರಿಸುವ ಸೈಟ್ ಇಲ್ಲದ, ಎಳೆತ ಹಗುರ ಮಾಡುವ ಗಾಲಿ ಇಲ್ಲದ, ಒಂದು ಬಾಗಿದ ಮರ ಮತ್ತು ಒಂದು ಹೆದೆ ಮಾತ್ರ ಇರುವ ಬಿಲ್ಲು. ತಮಗೆ ಇದು ಗೊತ್ತು. ಸಭೆಯಲ್ಲಿ ಕೂರುವ ಕೆಲವರಿಗೆ ಇನ್ನೂ ಗೊತ್ತಿಲ್ಲವಾದ್ದರಿಂದ ಬರೆಯಲಾಗಿದೆ. ಸೈಟ್ ಇಲ್ಲದಿದ್ದಲ್ಲಿ ಗುರಿ ನೋಡುವುದು ಹೇಗೆ ಎಂಬುದಕ್ಕೆ ಇಬ್ಬರೂ ಒಂದು ಪದ್ಧತಿ ಮಾಡಿಕೊಂಡಿದ್ದರು: ಒಬ್ಬರು ಬಾಣ ಬಿಡುವಾಗ ಇನ್ನೊಬ್ಬರು ಮಗ್ಗುಲಲ್ಲಿ ನಿಂತು ಅದು ಹೋದ ದಾರಿ ನೋಡಿ ಒಂದೇ ಒಂದು ಮಾತು ಹೇಳಬೇಕು. 'ಮೇಲೆ' ಅಥವಾ 'ಕೆಳಗೆ'. ಚೆನ್ನಾಗಿ ಬಿದ್ದರೆ 'ಹ್ಞೂಂ'. ಮಾಬ್ಲೇಶ್ವರರು 'ಹ್ಞೂಂ' ಎನ್ನುವುದರಲ್ಲಿ ಬಹಳ ಜಿಪುಣರು.

೨. ಮೈದಾನದ ಚಕ್ಕುಬಂದಿ: ಶಿರಾಳಕೊಪ್ಪದ ದಾರಿಯಲ್ಲಿ, ಎರಡೂ ಊರಿಗೆ ಬಸ್ಸು ಸಿಗುವಂಥ ಜಾಗ. ಪೂರ್ವಕ್ಕೆ ಮುಚ್ಚಿದ ಅಕ್ಕಿ ಗಿರಣಿಯ ಗೋಡೆ, ಪಶ್ಚಿಮಕ್ಕೆ ಗೋವಿನಜೋಳದ ಹೊಲ, ಉತ್ತರಕ್ಕೆ ಹೊಟ್ಟಿನ ಚೀಲ ಪೇರಿಸಿದ ತಡೆ, ಅದರ ಮುಂದೆ ಗುರಿಗೆಂದು ಕಟ್ಟಿದ ಹುಲ್ಲಿನ ಪಿಂಡಿಗಳು. ದಕ್ಷಿಣಕ್ಕೆ ಸುಣ್ಣದ ಗೆರೆ. ಈ ಅರ್ಜಿಯ ತಕರಾರು ಇರುವುದು ಈ ದಕ್ಷಿಣದ ಗೆರೆಯಲ್ಲಿ.

೩. ಜನವಿಲ್ಲದ ಕಾಲದ ಬಗ್ಗೆ: ಮೊದಲ ಹಲವು ವರ್ಷ ಬಳಗದ ಸದಸ್ಯರು ಇಬ್ಬರೇ. ಬಿಲ್ಲು ಹಿಡಿದು ಬಸ್ಸು ಹತ್ತಿದರೆ ಕಂಡಕ್ಟರು ಯಾವ ಊರಲ್ಲಿ ನಾಟಕ ಎಂದು ಕೇಳುತ್ತಿದ್ದ. ಹೊಸಬರನ್ನು ಸೆಳೆಯಲು ಅರ್ಜಿದಾರರು ಮಂಡಕ್ಕಿ ಮಿರ್ಚಿ ಕೊಡಿಸತೊಡಗಿದರು. ಜನ ಬಂದರು, ಮಂಡಕ್ಕಿ ಮುಗಿಸಿದರು, ಮರ್ಯಾದೆಗೆಂದು ಒಂದು ಬಾಣ ಬಿಟ್ಟು, ಅದನ್ನು ಜೋಳದ ಹೊಲದಲ್ಲಿ ಹುಡುಕುವ ಕೆಲಸವನ್ನು ನಮಗೆ ಬಿಟ್ಟು ಹೋದರು. ಇಲ್ಲಿ 'ನಮಗೆ' ಎಂದು ಬರೆದದ್ದು ಕೈತಪ್ಪಿ ಆದದ್ದು, ಮನ್ನಿಸಬೇಕು.

ಈ ಹತಾಶೆಯ ಕಾಲದಲ್ಲಿ ಅರ್ಜಿದಾರರು ಆರನೆಯ ನಿಯಮವನ್ನು ಬರೆದರು. ಅದು ಹೀಗಿದೆ: "ಹೊಸಬರು ಬಂದಲ್ಲಿ ಹಳಬರು ಗೆರೆ ಬಿಟ್ಟುಕೊಟ್ಟು, ತಮ್ಮ ಬಿಲ್ಲನ್ನು ತಮ್ಮ ಕೈಯಾರೆ ಅವರಿಗೆ ಕೊಡತಕ್ಕದ್ದು. ಸೇರಿದ ಮೊದಲ ವರ್ಷವೆಲ್ಲ ಅವರನ್ನು ಹೊಸಬರೆಂದೇ ತಿಳಿಯತಕ್ಕದ್ದು. ಹೊಸಬರ ಮಗ್ಗುಲಲ್ಲಿ ಕಲಿಸಲು ಒಬ್ಬ ಹಳಬರು ನಿಲ್ಲತಕ್ಕದ್ದು. ಯಾರೂ ನಿಲ್ಲದಿದ್ದಲ್ಲಿ ಹೊಸಬರು ಬಿಲ್ಲು ಮುಟ್ಟತಕ್ಕದ್ದಲ್ಲ." ಬರೆಯುವಾಗ ಮಾಬ್ಲೇಶ್ವರರು ಕೇಳಿದ್ದರು, ಜನ ಜಾಸ್ತಿ ಬಂದರೆ ಏನು ಮಾಡುವುದೆಂದು. ಅರ್ಜಿದಾರರು ನಕ್ಕುಬಿಟ್ಟರು.

೪. ಗಾಲಿಬಿಲ್ಲಿನ ಕಾಲದ ಬಗ್ಗೆ: ತದನಂತರ ಟ್ರ್ಯಾಕ್ಟರ್ ಶೋರೂಮಿನ ಮಹಾಂತೇಶ ಮತ್ತವನ ಗೆಳೆಯರು ಗಾಲಿ, ಸೈಟ್, ಇನ್ನೂ ಏನೇನೋ ಕಡ್ಡಿಗಳಿದ್ದ ಬಿಲ್ಲು ತಂದರು. ನೋಡಿದರೆ ಬಿಲ್ಲೋ ಹೊಲಿಗೆ ಮಿಷನ್ನೋ ಗೊತ್ತಾಗುತ್ತಿರಲಿಲ್ಲ. ಬರಿಬಿಲ್ಲು ಅಜ್ಜನ ಕಾಲದ್ದು ಎಂದು ಅವರು ಪಕ್ಕದಲ್ಲೇ ಬೇರೆ ಗೆರೆ ಎಳೆದುಕೊಂಡರು. ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ನಾಲ್ಕು ಜನರೂ ಆ ಕಡೆ ಸರಿದರು. ಮಂಡಕ್ಕಿ ಮಾತ್ರ ಈ ಕಡೆಯೇ ತಿನ್ನುತ್ತಿದ್ದರು.

೫. (ಈ ಅಂಶವು ಮಹಾಂತೇಶನ ಕುರಿತಾಗಿತ್ತು. ತಮ್ಮ ಅತ್ತೆಯವರಾದ ದ್ಯಾಮಮ್ಮನವರು ಓದಿ ಹೊಡೆದುಹಾಕಿಸಿದ್ದಾರೆ.)

೬. ತಮ್ಮ ಬಗ್ಗೆ: ಆ ಬಳಿಕ ನಡೆದದ್ದಕ್ಕೆ ತಾವೇ ಹೊಣೆ. ಮದುವೆಯಾಗಿ ಬಂದ ಮೇಲೆ, ಹೈಸ್ಕೂಲಿನ ಪಿ.ಟಿ. ಟೀಚರ್ ಆದ ತಮಗೆ ಭಾನುವಾರ ಸುಮ್ಮನೆ ಕೂರಲು ಬಾರದೆ, ಮಾವನವರ ಹಿಂದೆ ಮೈದಾನಕ್ಕೆ ಬಂದಿರಿ. ಮಾಬ್ಲೇಶ್ವರರು ತಮಗೆ ಕಲಿಸಿದರು. ಮಹಾಂತೇಶನ ತಂಡ ಏರ್ಪಡಿಸಿದ ಪಂದ್ಯದಲ್ಲಿ ತಾವು ಸೀರೆಯ ಸೆರಗು ಸಿಕ್ಕಿಸಿಕೊಂಡು ಬರಿಬಿಲ್ಲಿನಲ್ಲಿ ಗಾಲಿಬಿಲ್ಲುಗಳನ್ನೆಲ್ಲ ಸೋಲಿಸಿದ್ದನ್ನು ಯಾರೋ ಫೋನಿನಲ್ಲಿ ಹಿಡಿದು ಎಲ್ಲರಿಗೂ ಕಳಿಸಿದರು. ಅಂದು ಅರ್ಜಿದಾರರಿಗೆ ಆದ ಸಂತೋಷವನ್ನು ಅಳೆಯುವ ಸಾಧನ ಅಂಗಡಿಯಲ್ಲಿ ಇಲ್ಲ. ಮನೆಗೆ ಬಂದು, ಸಾರಿಗೆ ಉಪ್ಪು ಕಡಿಮೆ ಎಂದಷ್ಟೇ ಹೇಳಿದರು.

ಅಲ್ಲಿಂದ ಗಾಳಿ ತಿರುಗಿತು. ಡಾಕ್ಟರು ಬಂದರು, ಬ್ಯಾಂಕಿನವರು ಬಂದರು, ಜಡೆಯಿಂದ ಸ್ತ್ರೀಶಕ್ತಿ ಸಂಘದವರು ಒಂದು ಟೆಂಪೋ ತುಂಬ ಬಂದರು. ಈಗ ಸೈಟ್ ಇಟ್ಟುಕೊಂಡು ಹೊಡೆಯುವುದೇ ನಾಚಿಕೆಯಂತೆ. ಮಹಾಂತೇಶ ಸ್ಕ್ರೂಡ್ರೈವರ್ ತಂದು ಸೈಟ್ ಬಿಚ್ಚಿದ. ಗಾಲಿ ಬಿಚ್ಚಿದರೆ ಬಿಲ್ಲೇ ಉಳಿಯುವುದಿಲ್ಲವೆಂದು ತಿಳಿದ ಮೇಲೆ ಅದನ್ನು ಮಾರಿ, ಬಿದಿರಿನ ಬಿಲ್ಲು ಹಿಡಿದು, ಆರನೆಯ ನಿಯಮದ ಪ್ರಕಾರ ಹೊಸಬನಾಗಿ ಸೇರಿದ್ದಾನೆ. ಅರ್ಜಿದಾರರು ಅವನಿಗೂ ಗೆರೆ ಬಿಟ್ಟುಕೊಟ್ಟಿದ್ದಾರೆ.

೭. ಪ್ರಸ್ತುತ ಸ್ಥಿತಿ: ಹೊಸಬರು ಪ್ರತಿ ಭಾನುವಾರವೂ ಬರುತ್ತಿರುವ ಕಾರಣ, ಹಳಬರ ಸರದಿ ಬರುವುದೇ ಇಲ್ಲವಾದ ಕಾರಣ, ಅರ್ಜಿದಾರರು ಈ ವರ್ಷ ಬೇಸಿಗೆಯಿಂದ ಒಂದೂ ಬಾಣ ಬಿಟ್ಟಿಲ್ಲ. ಅವರ ಬಿಲ್ಲು ಮಾತ್ರ ಬೆಳಗಿನಿಂದ ಕೈಯಿಂದ ಕೈಗೆ ಹೋಗಿ ಮಧ್ಯಾಹ್ನ ಬೆವರುತ್ತ ವಾಪಸಾಗುತ್ತದೆ. ಮೊನ್ನೆ ಬಂದ ಒಬ್ಬ ಹೆಣ್ಣುಮಗಳು ಅರ್ಜಿದಾರರನ್ನು ಕಾವಲುಗಾರರೆಂದು ತಿಳಿದು ಚಪ್ಪಲಿ ನೋಡಿಕೊಳ್ಳಲು ಹೇಳಿದ್ದರು. ಅರ್ಜಿದಾರರು ನೋಡಿಕೊಂಡಿದ್ದಾರೆ. ಸರ್ಕಾರಿ ಜಮೀನಿನಲ್ಲಾದರೆ ಬಗರ್‌ಹುಕುಂ ಸಾಗುವಳಿ ಎಂದು ಅರ್ಜಿ ಹಾಕಬಹುದು. ತಾನೇ ಸುಣ್ಣ ಹಾಕಿದ ಗೆರೆಯ ಮೇಲೆ ಅದಕ್ಕೂ ಅವಕಾಶವಿಲ್ಲ.

ಈ ಬಗ್ಗೆ ಮನೆಯಲ್ಲಿ ಪ್ರಸ್ತಾಪಿಸಿದಾಗ ತಾವು ಹೇಳಿದ್ದು: "ಮಾವಾರೆ, ನಿಯಮ ಬರ್ದೋರು ನೀವೇ. ನಿಮಗ ಬಿಟ್ರೆ ನಾಳೆ ಎಲ್ರೂ ಕೇಳ್ತಾರ. ಬರದು ಕೊಡ್ರಿ, ಸಭೆಗೆ ಇಡ್ತೀನಿ." ತಾವು ಹೇಳಿದ್ದು ಸರಿಯಿದೆ. ಸರಿಯಿರುವುದರಿಂದಲೇ ಅರ್ಜಿದಾರರಿಗೆ ಹೆಚ್ಚು ಕಷ್ಟವಾಗಿದೆ.

೮. ಶ್ರೀ ಮಾಬ್ಲೇಶ್ವರರ ಬಗ್ಗೆ: ಅರ್ಜಿದಾರರು ಇಲ್ಲಿಯವರೆಗೆ ಬರೆದದ್ದು ಪೀಠಿಕೆ. ವಿಷಯ ಇರುವುದು ಇಲ್ಲಿ.

ಯುಗಾದಿಯಿಂದ ಈಚೆಗೆ ಮಾಬ್ಲೇಶ್ವರರು ಮೈದಾನಕ್ಕೆ ಬಂದಿಲ್ಲ. ಕೇಳಿದರೆ ಬಸ್ಸು ತಪ್ಪಿತು ಎನ್ನುತ್ತಿದ್ದರು, ನೆಂಟರು ಬಂದಿದ್ದಾರೆ ಎನ್ನುತ್ತಿದ್ದರು. ಕೊನೆಗೆ ಅರ್ಜಿದಾರರು ತಾವೇ ಹೊಸಬಾಳೆಗೆ ಹೋದರು. ಮಾಬ್ಲೇಶ್ವರರು ಅಂಗಳದಲ್ಲಿ ಒಣಗಿಸಿದ್ದ ಹಲಸಿನ ಹಪ್ಪಳದ ಪಕ್ಕ ಕುಳಿತು, ಹೆದೆ ಬಿಚ್ಚಿದ ಬಿಲ್ಲಿನಿಂದ ಕಾಗೆ ಓಡಿಸುತ್ತಿದ್ದರು. ಬಲ ಭುಜ ಹಿಡಿದುಕೊಂಡಿದೆಯಂತೆ. ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಇನ್ನು ಬಿಲ್ಲು ಎಳೆಯುವಂತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರಂತೆ.

ಎಳೆಯದಿದ್ದರೇನು, ಸುಮ್ಮನೆ ಬನ್ನಿ ಎಂದು ಅರ್ಜಿದಾರರು ಕರೆದರು.

"ಎಳೆಯಕ್ಕೆ ಆಗ್ದಿದ್ದವ ಅಲ್ಲಿ ಬಂದು ಎಂತ ಮಾಡದು ಮಾರಾಯ್ರೆ," ಎಂದರು ಮಾಬ್ಲೇಶ್ವರರು. "ಈಗ ಅಲ್ಲಿ ಜನ ತುಂಬಿದಾರೆ. ನಾ ಬಂದ್ರೆ ಕೂರ್ಸಕ್ಕೆ ಒಂದು ಕುರ್ಚಿ ಹುಡುಕ್ಬೇಕು ಅಷ್ಟೇ."

ಆಗ ಅರ್ಜಿದಾರರು ಹೇಳಬೇಕೆಂದುಕೊಂಡದ್ದು: ನೀವು ಪಕ್ಕದಲ್ಲಿ ಇಲ್ಲದಿದ್ದರೆ ನನ್ನ ಬಾಣ ಎಲ್ಲಿಗೆ ಹೋಯಿತೆಂದು ನನಗೆ ತಿಳಿಯುವುದಿಲ್ಲ. ಹೇಳಿದ್ದು: ಪಂಪ್‌ಸೆಟ್ ಹೇಗೆ ನಡೀತಿದೆ. ಪಂಪ್‌ಸೆಟ್ ಚೆನ್ನಾಗಿಯೇ ನಡೆಯುತ್ತಿತ್ತು.

ಹೊರಡುವಾಗ ಅವರ ಮನೆಯವರಾದ ಸುಬ್ಬಲಕ್ಷ್ಮಿಯವರು ಬೇಲಿಯ ದಣಪೆಯವರೆಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಭಾನುವಾರ ಬೆಳಗಾದ್ರೆ ಇವ್ರು ಅಂಗಿ ಹಾಕ್ಕೊಂಡು ಜಗಲಿ ಮೇಲೆ ಕೂತಿರ್ತಾರೆ. ಬಸ್ಸು ಹೋದ್ಮೇಲೆ ಅಂಗಿ ತೆಗೀತಾರೆ."

ಅರ್ಜಿದಾರರಿಗೆ ಬಹಳ ದುಃಖವಾಯಿತು. ಇದಕ್ಕೆ ಕಚೇರಿ ಭಾಷೆಯಲ್ಲಿ ಬೇರೆ ಶಬ್ದವಿದ್ದರೆ ತಾವು ತಿದ್ದಿಕೊಳ್ಳಬಹುದು.

೯. ಕಾನೂನಿನ ಅಂಶ: ಅರ್ಜಿದಾರರು ವಾಪಸು ಬರುವ ಬಸ್ಸಿನಲ್ಲಿ ಆರನೆಯ ನಿಯಮವನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಓದಿಕೊಂಡರು. ಹಳಬರಿಗೆ ಗೆರೆಯಿಲ್ಲ ಎಂಬುದು ನಿಜ. ಆದರೆ ಹಳಬರು ರಾಜೀನಾಮೆ ಕೊಟ್ಟು ಹೊಸಬರಾಗಿ ಸೇರಬಾರದೆಂದು ಎಲ್ಲಿಯೂ ಬರೆದಿಲ್ಲ. ಹೊಸಬರ ಮಗ್ಗುಲಲ್ಲಿ ಕಲಿಸಲು ಒಬ್ಬರು ನಿಲ್ಲಲೇಬೇಕು. ಕಲಿಸುವವರು ಸ್ವತಃ ಬಿಲ್ಲು ಎಳೆಯಬೇಕೆಂದೂ ಎಲ್ಲಿಯೂ ಬರೆದಿಲ್ಲ. ತಾವು ಸೇರಿದಂತೆ ಕಲಿಸಬಲ್ಲ ಇತರರೆಲ್ಲರ ಪಕ್ಕದಲ್ಲೂ ಈಗಾಗಲೇ ಹೊಸಬರು ಸಾಲು ನಿಂತಿದ್ದಾರೆ. ಬಿಡುವಾಗಿರುವ ಹಳಬರು ಎರಡೂ ತಾಲೂಕು ಸೇರಿ ಒಬ್ಬರೇ ಇದ್ದಾರೆ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ಮಾನ್ಯರಲ್ಲಿ ಕೋರುವುದೇನೆಂದರೆ:

(ಅ) ಸಂಸ್ಥಾಪಕ ಅಧ್ಯಕ್ಷ ಸ್ಥಾನಕ್ಕೂ ಹಳಬರ ಸದಸ್ಯತ್ವಕ್ಕೂ ಅರ್ಜಿದಾರರ ರಾಜೀನಾಮೆಯನ್ನು ಅಂಗೀಕರಿಸಬೇಕು. ಹೊಗಳಿ ಭಾಷಣ ಮಾಡುವುದು ಬೇಡ. ಹಾರ ತಂದರೆ ಚಿಕ್ಕದಿರಲಿ.

(ಆ) ಅದೇ ಸಭೆಯಲ್ಲಿ, ಚಹಾ ಕುಡಿದಾದ ಮೇಲೆ, ಅರ್ಜಿದಾರರನ್ನು ಬಿಲ್ಲು ಹಿಡಿಯಲು ಬಾರದ ಹೊಸ ಸದಸ್ಯರೆಂದು ಸೇರಿಸಿಕೊಳ್ಳಬೇಕು. ಮಹಾಂತೇಶ ಆಕ್ಷೇಪಣೆ ಎತ್ತಿದಲ್ಲಿ, ಅರ್ಜಿದಾರರು ಬೇಸಿಗೆಯಿಂದ ಬಾಣ ಬಿಡದೆ ಎಲ್ಲ ಮರೆತಿದ್ದಾರೆ ಎಂದು ತಿಳಿಸಬೇಕು. ಇದರಲ್ಲಿ ಸುಳ್ಳು ಬಹಳ ಇಲ್ಲ.

(ಇ) ಅರ್ಜಿದಾರರಿಗೆ ಕಲಿಸಲು ಹೊಸಬಾಳೆಯ ಶ್ರೀ ಮಾಬ್ಲೇಶ್ವರರನ್ನು ನೇಮಿಸಬೇಕು. ಬನ್ನಿ ಹಬ್ಬದ ಮರುದಿನದ ಪಂದ್ಯದಲ್ಲಿಯೂ ಅವರು ಅರ್ಜಿದಾರರ ಮಗ್ಗುಲಲ್ಲೇ ನಿಲ್ಲತಕ್ಕದ್ದು. ಸೊರಬದವರು ಶಿಕಾರಿಪುರದವನಿಗೆ ಗುರಿ ಹೇಳಿಕೊಡುವುದು ಸರಿಯೇ ಎಂದು ಸೊರಬದ ತಂಡ ಜಗಳ ತೆಗೆದರೆ, ಅರ್ಜಿದಾರರು ಸೋಲನ್ನು ಮುಂಚಿತವಾಗಿಯೇ ಬರೆದುಕೊಡಲು ಸಿದ್ಧರಿದ್ದಾರೆ. ಗೆಲ್ಲುವ ವಿಚಾರ ಈ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ.

ಈ ಬಗ್ಗೆ ಸೂಕ್ತ ಕ್ರಮವನ್ನು ಬರುವ ಭಾನುವಾರದೊಳಗೆ ಕೈಗೊಂಡಲ್ಲಿ, ಅರ್ಜಿದಾರರು ಊಟದ ಹೊತ್ತಿನಲ್ಲಿ ಇದೇ ವಿಷಯವನ್ನು ಎತ್ತುವುದನ್ನು ನಿಲ್ಲಿಸುತ್ತಾರೆಂದು ಈ ಮೂಲಕ ಪ್ರಮಾಣೀಕರಿಸಲಾಗಿದೆ.

ಇಂತಿ, ತಮ್ಮ ಕೈಯ ರೊಟ್ಟಿಯ ಋಣದಲ್ಲಿರುವ ವಿಶ್ವಾಸಿ,
ಗಂಗಾಧರಪ್ಪ

ಸ್ಥಳ: ಶಿಕಾರಿಪುರ, ಅಂಗಡಿಯ ಗಲ್ಲಾದ ಮೇಲೆ.
ದಿನಾಂಕ: ತಾವು ಸ್ವೀಕರಿಸಿದ ದಿನವೇ ಹಾಕಿಕೊಳ್ಳಬೇಕು.

ಲಗತ್ತುಗಳು:
೧. ರಾಜೀನಾಮೆ ಪತ್ರ (ಪೈಪ್ ಕಂಪನಿಯ ಕ್ಯಾಲೆಂಡರಿನ ಹಿಂಬದಿಯಲ್ಲಿ).
೨. ಹೊಸ ಸದಸ್ಯರ ಒಂದು ಭಾವಚಿತ್ರ. ಹಳೆಯದು, ಮೀಸೆ ಕಪ್ಪಗಿದೆ.
೩. ದ್ಯಾಮಮ್ಮನವರ ಒಪ್ಪಿಗೆ. ಬಾಯಿಮಾತಿನದು, ಲಗತ್ತಿಸಲು ಬಂದಿಲ್ಲ.

ವಿಶೇಷ ಸೂಚನೆ: ನೇಮಕಾತಿ ಆದೇಶವನ್ನು ಮಾಬ್ಲೇಶ್ವರರಿಗೆ ಅಂಚೆಯಲ್ಲೇ ಕಳಿಸಬೇಕು, ಅವರು ಫೋನಿಗಿಂತ ಕಾಗದವನ್ನು ಹೆಚ್ಚು ನಂಬುತ್ತಾರೆ. ಅದರಲ್ಲಿ ಈ ಅರ್ಜಿಯ ಸುದ್ದಿಯನ್ನಾಗಲಿ, ಅರ್ಜಿದಾರರ ಹೆಸರನ್ನಾಗಲಿ ಎತ್ತಬಾರದು. ಹೊಸಬರೊಬ್ಬರು ಸೇರಿದ್ದಾರೆ, ವಯಸ್ಸಾಗಿದೆ, ಏನೂ ಬರುವುದಿಲ್ಲ, ನೀವು ಬರದೆ ಅವರಿಂದ ಆಗುವುದಿಲ್ಲ ಎಂದಷ್ಟೇ ಬರೆಯತಕ್ಕದ್ದು.