ಬೀಗರೂಟವೂ ನನ್ನ ಕರುಳಿನ ನರಗಳೂ

ಮೊದಲೇ ಆಣೆ ಮಾಡಿಬಿಡುತ್ತೇನೆ, ಇಲ್ಲಿರುವ ಒಂದೊಂದು ಅಕ್ಷರವೂ ನಿಜ. ಕೂಟಗಲ್ ಕಡೆ ಯಾರಿಗೂ ಬಾರದ ಕಾಯಿಲೆ ನನಗೇ ಬರುತ್ತದೆ, ಬಂದ ಮೇಲೆ ಯಾರಿಗೂ ಆಗದ ಫಜೀತಿಯೂ ನನಗೇ ಆಗುತ್ತದೆ. ಯೋಗ್ಯತೆ ನೋಡಿಕೊಂಡೇ ಬರುತ್ತವೆ ಅಂತ ಕಾಣುತ್ತೆ.

೧. ಯಾರ ಕಡೆ?

ರಾಮನಗರದ ಡಾಕ್ಟರು ಪರೀಕ್ಷೆಯೆಲ್ಲ ಮುಗಿಸಿ, "ನಿಮ್ಮ ದೊಡ್ಡ ಕರುಳಲ್ಲಿ ಉರಿಯೂತ ಇದೆ" ಅಂದರು. ಕರುಳಿನ ಗೋಡೆ ತುಂಬ ನರಗಳ ಬಲೆಯಂತೆ. ನರದ ತುದಿಯಿಂದ ಏನೇನೋ ರಾಸಾಯನಿಕಗಳು ಹೊರಟು, ರೋಗದ ಜೊತೆ ಹೊಡೆದಾಡುವ ಕಣಗಳಿಗೆ ಸುದ್ದಿ ಮುಟ್ಟಿಸುತ್ತವಂತೆ. ಕೆಲವು ಉರಿ ಏರಿಸುತ್ತವೆ, ಕೆಲವು ಇಳಿಸುತ್ತವೆ.

"ಯಾವ್ಯಾವು ಯಾರ ಕಡೆ ಸಾರ್?"

"ಅಲ್ಲೇ ಇರೋದು ಕಷ್ಟ. ಕೆಲವು ಹೊತ್ತು ನೋಡ್ಕೊಂಡು ಎರಡೂ ಕಡೆ ಕೆಲಸ ಮಾಡ್ತವೆ."

"ಬುಡಿ ಸಾರ್, ಅರ್ಥ ಆಯ್ತು. ನಮ್ ಪಂಚಾಯ್ತಿ ಮೆಂಬರುಗಳು ಹೊಟ್ಟೆ ಒಳಕ್ಕೂ ಬಂದವ್ರೆ!"

೨. ಹುಳದ ಮನೆ

ಉರಿ ಇಳಿಯುವವರೆಗೆ ಮಾತ್ರೆ ತಪ್ಪಿಸಬಾರದು, ಖಾರ, ಬಾಡು ಬೇಡ, ಟೆನ್ಷನ್ನೂ ಬೇಡ, ತಲೆಯ ಚಿಂತೆ ನರದ ದಾರಿಯಲ್ಲೇ ಕರುಳಿಗೂ ಇಳಿಯುತ್ತದೆ ಅಂದರು ಡಾಕ್ಟರು. ನನಗೆ ಟೆನ್ಷನ್ ಶುರುವಾಗಿದ್ದೇ ಆಗ. ಭಾನುವಾರ ಕುದೂರಿನಲ್ಲಿ ಬೀಗರೂಟ. ಮದುವೆಯಾದ ಮೇಲೆ ಮಗಳ ಗಂಡನ ಮನೆಯವರು ನಮಗೆ ಹಾಕುವ ಬಾಡೂಟ. ಹೆಣ್ಣಿನಪ್ಪ ಎಲೆ ಮುಟ್ಟದೆ ಎದ್ದರೆ ಆ ಮಾತು ಮಗಳಿಗೆ ಜನ್ಮವಿಡೀ ಅಂಟಿಕೊಳ್ಳುತ್ತದೆ.

ನನ್ನ ಹೆಂಡತಿ ರೇಷ್ಮೆಹುಳ ಸಾಕುವವಳು. "ಹುಳ ಪೊರೆ ಬುಡೋವಾಗ ಏನ್ ಮಾಡ್ತೀವಿ? ಸೊಪ್ಪಾಕಲ್ಲ, ಅಲ್ಲಾಡ್ಸಲ್ಲ, ಕಂಡೋರ್ನ ಒಳಕ್ಕೆ ಬುಡಲ್ಲ. ನಿಮ್ ಕರುಳ್ಗೂ ಅದೇಯ" ಅಂದವಳೇ ನನ್ನನ್ನು ರೂಮಿಗೆ ಹಾಕಿ, ಕಿಟಕಿಗೆ ಗೋಣಿಚೀಲ ಕಟ್ಟಿ, ಹೊಸ್ತಿಲಿಗೆ ಸುಣ್ಣದ ಪುಡಿ ಚೆಲ್ಲಿದಳು. ಊಟವಂತೂ ಇಲ್ಲವೇ ಇಲ್ಲ. ಡಾಕ್ಟರು ಹೀಗೆ ಹೇಳಿದ್ದರೋ ಇಲ್ಲವೋ, ಹಸಿವಿನಲ್ಲಿ ನನಗೂ ಗೊಂದಲ.

ನೋಡಲು ಬಂದ ಪಕ್ಕದ ಮನೆಯವನಿಗೆ ಕಾಲು ತೊಳೆಸಿ, ಬಾಗಿಲಲ್ಲೇ ನಿಲ್ಲಿಸಿದಳು. ಅವನು ಒಸಿ ಹೊತ್ತು ನನ್ನನ್ನೇ ನೋಡಿ ಕೇಳಿದ: "ಏನ್ಲಾ, ಗೂಡು ಕಟ್ಟೋದು ಯಾವಾಗ?"

೩. ಬೋಟಿ

ಭಾನುವಾರ ಎಲೆ ಮುಂದೆ ಕೂತೆ. ಬೀಗರೇ ಬಕೆಟ್ಟು ಹಿಡಿದು ಸಾಲುಸಾಲಾಗಿ ಬಡಿಸುತ್ತಿದ್ದರು. ನನ್ನ ಎಲೆಗೆ ಬಂದಾಗ ವಿಶೇಷ ಮರ್ಯಾದೆ, ಎರಡು ಸೌಟು ಬೋಟಿ ಗೊಜ್ಜು. ಕರುಳು ಕೆಟ್ಟವನಿಗೆ ಕುರಿಯ ಕರುಳು!

ನನ್ನ ಕೈ ಏಳಲಿಲ್ಲ. "ಯಾಕ್ ಬೀಗ್ರೇ, ನಮ್ಮನೆ ಊಟ ಸೇರ್ಲಿಲ್ವಾ?" ಅಂದರು. ಸಾಲಿನವರೆಲ್ಲ ನನ್ನ ಎಲೆ ಕಡೆ ತಿರುಗಿದರು. ಬಾಗಿಲಲ್ಲಿ ನಿಂತ ಮಗಳ ಮುಖ ಬೆಳ್ಳಗಾಯಿತು.

"ನಾನು ರೆಡಿ, ಬೀಗ್ರೇ. ಹೊಟ್ಟೆ ಒಳಗಡೆ ನರಗಳು ರಾಸಾಯನಿಕ ಬುಟ್ಟು ಒಂದುಕ್ಕೊಂದು ಚಾಡಿ ಹೇಳ್ತವೆ. ಅರ್ಧ ಉರಿ ಹಚ್ಚೋವು, ಅರ್ಧ ಆರ್ಸೋವು, ಯಾವು ಯಾವ ಕಡೆ ಅಂತ ಡಾಕ್ಟ್ರಿಗೇ..."

ಯಾರಿಗೂ ಏನೂ ಅರ್ಥವಾಗಲಿಲ್ಲ. ಬೀಗರು ಮಾತ್ರ ಬಕೆಟ್ಟು ಕೆಳಗಿಟ್ಟು ನನ್ನ ಕಿವಿಗೆ ಬಗ್ಗಿದರು. "ದೊಡ್ ಕರುಳಾ?"

"ಹೂಂ."

"ನಂದೂ ಅದೇಯ. ಇಲ್ದಿದ್ರೆ ಬಾಡಿನ ದಿನ ನಾನ್ಯಾಕೆ ಬಡಿಸ್ಕೊಂಡ್ ನಿಂತ್ಕೋತಿದ್ದೆ? ಎದ್ದೇಳಿ."

"ಬೀಗರಿಗೆ ಒಳಗಡೆ ಸ್ಪೆಷಲ್ ಐತೆ!" ಅಂತ ಎಲ್ಲರಿಗೂ ಕೇಳುವಂತೆ ಕೂಗಿ ಹಿತ್ತಲಿಗೆ ಕರೆದೊಯ್ದರು. ಮಗಳು ನಕ್ಕಳು. ಹಿತ್ತಲಲ್ಲಿ ಅವರು ಒಲೆಯ ಹಿಂದೆ ಬಚ್ಚಿಟ್ಟಿದ್ದ ಮೊಸರನ್ನದ ಡಬ್ಬಿ ತೆಗೆದು, ಅರ್ಧ ನನಗೆ ಕೊಟ್ಟರು. ಸಾಲಿನಲ್ಲಿದ್ದ ನಮ್ಮ ನೆಂಟರೆಲ್ಲ "ಅವನಿಗೆ ಮಾತ್ರ ಅದೇನು ಸ್ಪೆಷಲ್?" ಅಂತ ಇವತ್ತಿಗೂ ನನ್ನ ಮೇಲೆ ಉರಿದು ಬೀಳುತ್ತಾರೆ.

ಎಲ್ಲ ನಿಜ. ಒಂದು ಸಣ್ಣ ವಿವರ ಮಾತ್ರ ನಾನು ಸೇರಿಸಿದ್ದು: ಅರ್ಧ ನನಗೆ ಕೊಟ್ಟರು ಅಂದೆನಲ್ಲ, ಕೊಡಲಿಲ್ಲ, ಡಬ್ಬಿ ಪೂರ್ತಿ ಅವರೇ ಖಾಲಿ ಮಾಡಿದರು. ಮಗಳ ಮಾವ ಅಂತ ಮರ್ಯಾದೆಗೆ ಹಾಗೆ ಬರೆದೆ.