ಗಿಟಾರಿಗಾಗಿ ಮೌನ ಆಚರಿಸಿದ ಬಿಲ್ಡಿಂಗು

ಎಲೆಕ್ಟ್ರಿಕ್ ಗಿಟಾರ್ ಎಂದಮೇಲೆ ಶಾಕ್ ಹೊಡೆಯಬಹುದಿತ್ತು. ಫ್ಯೂಸ್ ಹಾರಿ ಇಡೀ ಬಿಲ್ಡಿಂಗ್ ಕತ್ತಲಾಗಬಹುದಿತ್ತು. ತಂತಿ ಹರಿದು ಕಣ್ಣಿಗೆ ಬಡಿಯಬಹುದಿತ್ತು. ಪುಕ್ಕಟೆ ಸಾಫ್ಟ್‌ವೇರಿನ ಜೊತೆ ವೈರಸ್ ಬಂದು ಲ್ಯಾಪ್‌ಟಾಪನ್ನು ನುಂಗಬಹುದಿತ್ತು. ಗ್ರಾಂಟ್ ರೋಡಿನಿಂದ ಲೋಕಲ್ ರೈಲಿನಲ್ಲಿ ತರುವಾಗ ಗಿಟಾರಿನ ಕತ್ತು ದಾದರಿನಲ್ಲಿಳಿದು ಹೊಟ್ಟೆ ಮಾತ್ರ ನನ್ನ ಜೊತೆ ಬರಬಹುದಿತ್ತು. ಇದನ್ನೆಲ್ಲ ಮುಂಚಿತವಾಗಿಯೇ ಯೋಚಿಸಿ, ತಕ್ಕಷ್ಟು ಬೆವತಿದ್ದೆ. ಒಂದೂ ಆಗಲಿಲ್ಲ!

ವಿಷಯ ಇಷ್ಟು. ಮುಂಬಯಿಯ ಮಾಟುಂಗದ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ನನ್ನ ಹೆಂಡತಿ ವಿಮಲಾಳ ಮುಂದಾಳತ್ವದಲ್ಲಿ ಮಹಿಳೆಯರ ಕೋಲಾಟವಿತ್ತು. ಹಾರ್ಮೋನಿಯಂ ನುಡಿಸಬೇಕಿದ್ದ ಮೇಷ್ಟ್ರು ಬಚ್ಚಲಲ್ಲಿ ಜಾರಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡರು. ಸಂಗೀತವಿಲ್ಲದಿದ್ದರೆ ಕೋಲಾಟ ರದ್ದು ಎಂದಿತು ಸಂಘ. ವಿಮಲಾ ಮಾತು ಬಿಟ್ಟಳು. ನಮ್ಮ ಮನೆಯಲ್ಲಿ ಅದು ತುರ್ತು ಪರಿಸ್ಥಿತಿ.

"ನಾನೇ ರೆಕಾರ್ಡ್ ಮಾಡಿಕೊಡ್ತೀನಿ ಬಿಡು. ಕಾಲೇಜಿನಲ್ಲಿ ಗಿಟಾರ್ ಹಿಡಿದವನು ನಾನು!" ಎಂದೆ.

"ಹಿಡಿದಿದ್ರಿ ಸರಿ. ಬಾರಿಸಿದ್ರಾ?" ಇಷ್ಟು ಕೇಳಲು ಮಾತ್ರ ಮೌನ ಮುರಿದಳು.

ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟು ಗ್ರಾಂಟ್ ರೋಡಿಗೆ ಹೋದೆ. ಹೊಸಬರಿಗೆಂದೇ ಇಟ್ಟಿದ್ದ ಅತ್ಯಂತ ಅಗ್ಗದ ಕೆಂಪು ಗಿಟಾರನ್ನೂ ಅಂಗೈಯಗಲದ ಒಂದು ಪೆಟ್ಟಿಗೆಯನ್ನೂ ತಂದೆ. ಗಿಟಾರಿನಿಂದ ಪೆಟ್ಟಿಗೆಗೆ ಒಂದು ವೈರು, ಪೆಟ್ಟಿಗೆಯಿಂದ ಲ್ಯಾಪ್‌ಟಾಪಿಗೆ ಇನ್ನೊಂದು. ಸಾಫ್ಟ್‌ವೇರಂತೂ ಪುಕ್ಕಟೆ, ಡ್ರಮ್ಮನ್ನು ತಾನೇ ಬಾರಿಸುವಷ್ಟು ಉದಾರ. ಕಾಲಿಗೆ ರಬ್ಬರ್ ಚಪ್ಪಲಿ, ಕಿವಿಗೆ ಹೆಡ್‌ಫೋನ್ ಧರಿಸಿ ಅಭ್ಯಾಸಕ್ಕೆ ಕೂತೆ. ನನ್ನ ಕಿವಿಯಲ್ಲಿ ಗುಡುಗು. ವಿಮಲಾಳಿಗೆ ಕೇಳಿದ್ದು ಯಾರೋ ಸೊಳ್ಳೆ ಹೊಡೆಯುವ ಸದ್ದು.

ಕೈ ಪಳಗಿತು. ಚಿಂತೆ ಪಳಗಲಿಲ್ಲ. ವಡಾಲದ ನಮ್ಮ ಬಿಲ್ಡಿಂಗಿನಲ್ಲಿ ಸದ್ದಿಗೇನು ಬರವೇ? ಪಂಪು, ಲಿಫ್ಟು, ಕುಕ್ಕರು, ಮಕ್ಕಳು. ಇವೆಲ್ಲ ರೆಕಾರ್ಡಿಂಗಿಗೆ ನುಗ್ಗಿದರೆ ಕೋಲಾಟದ ಗತಿ? ಸೊಸೈಟಿಯ ಸೆಕ್ರೆಟರಿಯ ಮುಂದೆ ಕೈಮುಗಿದು ನಿಂತೆ.

"ರವಿವಾರಿ ದುಪಾರಿ, ಅರ್ಧಾ ತಾಸ್. ಬಸ್!" ಎಂದರು.

ಭಾನುವಾರ ಮಧ್ಯಾಹ್ನ ಅರ್ಧ ಗಂಟೆ, ಅಷ್ಟೇ; ಅದೇ ಸಂಜೆ ಕಾರ್ಯಕ್ರಮ. ಆದರೂ ಸಿಕ್ಕಿದ್ದೇ ಭಾಗ್ಯ ಎಂದು ಮನೆಮನೆಗೆ ಹೋಗಿ ಸದ್ದು ಮಾಡದಂತೆ ಬೇಡಿಕೊಂಡೆ. ರೈಲ್ವೆಯವರಿಗೂ ಅರ್ಜಿ ಕೊಡುತ್ತಿದ್ದೆ, ವಿಮಲಾ ತಡೆದಳು. ಕೆಳಗಿನ ಮನೆಯ ಶೆಟ್ಟರೊಬ್ಬರು ಮಾತ್ರ ಸುಲಭಕ್ಕೆ ಬಗ್ಗಲಿಲ್ಲ.

"ಎಂತ ಮಾರಾಯ್ರೆ! ಅದು ನಮ್ಮಲ್ಲಿ ಉದ್ದು ಅರೆಯುವ ಹೊತ್ತು. ಅರ್ಧಕ್ಕೆ ನಿಲ್ಲಿಸಿದ್ರೆ ಇಡ್ಲಿ ಕಲ್ಲಾಗ್ತದೆ!"

"ಕನ್ನಡಕ್ಕಾಗಿ, ಶೆಟ್ರೇ."

ಶೆಟ್ಟರು ನಿಟ್ಟುಸಿರು ಬಿಟ್ಟರು. "ಆಯ್ತು. ಕನ್ನಡಕ್ಕಾಗಿ ಒಂದು ದಿನ ಕಲ್ಲು ತಿನ್ನುವ."

ಭಾನುವಾರ ಬಂತು. ಅಕ್ಟೋಬರ್ ಸೆಕೆ. ಫ್ಯಾನ್ ಬಂದ್, ಪಂಪು ಬಂದ್, ಲಿಫ್ಟು ಬಂದ್. ಒಂದು ಮಗು ಅತ್ತರೆ ಮೂರು ಬಾಗಿಲುಗಳಿಂದ "ಶ್!" ಮುಂಬಯಿಯಲ್ಲಿ ಅಂಥ ಮೌನವನ್ನು ನಾನು ಕೇಳಿಯೇ ಇರಲಿಲ್ಲ. ಆ ಮೌನದಲ್ಲಿ ನಾನು ತಪ್ಪಿದೆ, ಮತ್ತೆ ತಪ್ಪಿದೆ, ಬೆವರಿಗೆ ಬೆರಳು ಜಾರಿ ಇನ್ನೊಮ್ಮೆ ತಪ್ಪಿದೆ. ಕೊನೆಗೆ, ಗಡುವು ಮುಗಿಯುತ್ತಿರುವಾಗ, ಸ್ವರಗಳು ಸರಿಯಾಗಿ ಕೂಡಿಕೊಂಡವು. ಮೊದಲ ಸುತ್ತು ಸೊಗಸು. ಎರಡನೆಯದು ಅದ್ಭುತ. ಮೂರನೆಯ ಸುತ್ತಿನಲ್ಲಿ, ಪಕ್ಕದಲ್ಲೇ ಮುಖಕ್ಕೆ ಪೌಡರ್ ಹಚ್ಚಿಕೊಳ್ಳುತ್ತಿದ್ದ ವಿಮಲಾ ಸೀನಿದಳು.

"ಆಕ್ಷೀ!"

ಹೆಡ್‌ಫೋನ್ ದಾಟಿ ಬಂದ ಸೀನು! ಆದರೂ ಬಾರಿಸಿ ಮುಗಿಸಿದೆ. ಮುಗಿಸಿದ್ದೇ ತಡ ಪಂಪು ಗುಡುಗಿತು, ಕೆಳಗೆ ಗ್ರೈಂಡರ್ ಮೊರೆಯಿತು. ಇನ್ನೊಮ್ಮೆ ಬಾರಿಸುವ ಮಾತೇ ಇಲ್ಲ. ಕೇಳಿ ನೋಡುವ ಧೈರ್ಯವೂ ಆಗಲಿಲ್ಲ. ಸಂಘಕ್ಕೆ ಹಾಗೆಯೇ ಕಳಿಸಿಬಿಟ್ಟೆ.

ಸಂಜೆ ಸಭಾಂಗಣದಲ್ಲಿ ಶೆಟ್ಟರ ಪಕ್ಕ ಕೂತೆ. ಪರದೆ ಸರಿಯಿತು, ನನ್ನ ಗಿಟಾರ್ ಮೊಳಗಿತು, ಕೋಲುಗಳು ಕುಣಿದವು. ಮೂರನೆಯ ಸುತ್ತು ಬಂದಾಗ ಶೆಟ್ಟರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ವೇದಿಕೆಯ ಮೇಲೆ ವಿಮಲಾಳ ಮುಖವೂ ಬಿಳಿಚಿತ್ತು, ಪೌಡರಿನಿಂದ ಮಾತ್ರವಲ್ಲ. ಈಗ ಬಂತು... ಈಗ...

ಬರಲಿಲ್ಲ! ಸೀನೇ ಇಲ್ಲ!

ಚಪ್ಪಾಳೆಯೋ ಚಪ್ಪಾಳೆ. "ಒನ್ಸ್ ಮೋರ್!" ಕೋಲಾಟ ಇನ್ನೊಮ್ಮೆ ಆಯಿತು. ವಿಮಲಾಳಿಗೆ ಹೂಗುಚ್ಛ, ನನಗೆ ಶಾಲು. ಶೆಟ್ಟರು ಎದ್ದುನಿಂತು ಸುತ್ತಲಿನವರಿಗೆಲ್ಲ ಸಾರಿದರು: "ನಮ್ಮ ಇಡೀ ಬಿಲ್ಡಿಂಗ್ ಬಾಯಿ ಮುಚ್ಚಿ ಕೂತದ್ದು! ಅದಕ್ಕೇ ಇಷ್ಟು ಕ್ಲೀನ್!"

ಮರಳುವಾಗ ಟ್ಯಾಕ್ಸಿಯಲ್ಲಿ ಶೆಟ್ಟರು ಮುಂದೆ, ನಾವಿಬ್ಬರೂ ಹಿಂದೆ. ವಿಮಲಾಳ ಮಾತು ವಾಪಸು ಬಂದಿತ್ತು.

"ರೀ, ನನ್ನ ಸೀನು ಎಲ್ಲಿ ಹೋಯ್ತು?"

"ಅದೇ ನನಗೂ ಆಶ್ಚರ್ಯ."

"ಮೈಕ್ ಎಲ್ಲಿಟ್ಟಿದ್ರಿ ನೀವು?"

ಯೋಚಿಸಿದೆ. ಗಿಟಾರು, ವೈರು, ಪೆಟ್ಟಿಗೆ, ವೈರು, ಲ್ಯಾಪ್‌ಟಾಪು.

"ಮೈಕ್... ಇರಲಿಲ್ಲ. ತಂತಿಯ ಸದ್ದು ವೈರಿನಲ್ಲೇ ಹೋಗುತ್ತೆ."

ಮುಂದಿನ ಸೀಟಿನಲ್ಲಿ ಶೆಟ್ಟರು ನಿಧಾನವಾಗಿ ತಿರುಗಿದರು.

"ಹಾಗಾದ್ರೆ ಹೊರಗಿನ ಸದ್ದು ಒಳಗೆ ಹೋಗುದು ಹೇಗೆ?"

"ಹೋಗೋದಿಲ್ಲ, ಶೆಟ್ರೇ."

"ಪಂಪಿಂದು?"

"ಇಲ್ಲ."

"ನಮ್ಮ ಗ್ರೈಂಡರಿಂದು?"

ಸನ್ಮಾನದ ಶಾಲು ಮುಖ ಮುಚ್ಚಿಕೊಳ್ಳುವಷ್ಟು ಅಗಲವಿರುತ್ತದೆಂದು ನನಗೆ ಆವತ್ತೇ ಗೊತ್ತಾದದ್ದು.