ಕಿಟ್ಟಣ್ಣ ಎಳೆದ ನೆಟ್

"ನೆಟ್ ಅಂದ್ರೆ ಎಂತ? ಬಲೆ! ನಲ್ವತ್ತು ವರ್ಷ ಸಮುದ್ರದಲ್ಲಿ ಬಲೆ ಎಳೆದವನಿಗೆ ಮನೆಯೊಳಗೆ ಒಂದು ನೆಟ್ ಎಳೀಲಿಕ್ಕೆ ಮೆಕ್ಯಾನಿಕ್ ಬೇಕಾ? ನಾನೇ ಎಳೀತೇನೆ!"

ದೇರೆಬೈಲಿನ ತಮ್ಮ ಮನೆಯ ಹಾಲಿನಲ್ಲಿ ನಿಂತು ಕಿಟ್ಟಣ್ಣ ಹೀಗೆ ಗುಡುಗಿದಾಗ, ಹೆಂಡತಿ ಅಪ್ಪಿಯಕ್ಕ ಅಡಿಗೆಮನೆಯಿಂದ ಇಣುಕಿ ನೋಡಿ, ತಲೆಯಾಡಿಸಿ ಒಳಗೆ ಹೋದರು. ಅದನ್ನೇ ಕಿಟ್ಟಣ್ಣ ಒಪ್ಪಿಗೆ ಎಂದು ತಿಳಿದರು.

ಈ ಪ್ರತಿಜ್ಞೆಗೆ ಕಾರಣ ಅವರದೇ ಬಾಯಿ! ಸೊಸೆ ಸುಪ್ರೀತಾ ಗಲ್ಫ್‌ನಲ್ಲಿರುವ ಹದಿನೇಳು ಮಕ್ಕಳಿಗೆ ದಿನಾ ಸಂಜೆ ಐದಕ್ಕೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ವೈಫೈ ಪೆಟ್ಟಿಗೆ ಇದ್ದದ್ದು ಹಾಲಿನಲ್ಲಿ. ಒಂದೂವರೆ ಅಡಿ ದಪ್ಪದ ಕೆಂಪುಕಲ್ಲಿನ ಗೋಡೆ ದಾಟಿ, ಅಡಿಗೆಮನೆಯ ಆಚೆಗಿನ ಹಿಂದಿನ ಕೋಣೆಗೆ ಹೋಗುವ ತಾಕತ್ತು ಆ ಸಿಗ್ನಲಿಗೆ ಇರಲಿಲ್ಲ. ಹಾಗಾಗಿ ಕ್ಲಾಸೂ ಹಾಲಿನಲ್ಲೇ. ನಿನ್ನೆ ಅವಳು ಭಿನ್ನರಾಶಿ ಕಲಿಸುತ್ತಿದ್ದಾಗ, ಮೂಲೆಯಲ್ಲಿ ಸದ್ದಡಗಿಸಿ ಕಬಡ್ಡಿ ನೋಡುತ್ತಿದ್ದ ಕಿಟ್ಟಣ್ಣ ಮೈಮರೆತು ಕಿರುಚಿದರು: "ಅವನ ಕಾಲು ಹಿಡಿಯಾ, ಎಳೆದು ಹಾಕು!"

ಮಕ್ಕಳು ಬೆಚ್ಚಿಬಿದ್ದರು. ರಾತ್ರಿಯೊಳಗೆ ತಾಯಂದಿರ ಸಂದೇಶ ಬಂತು: ನಾಳೆಯಿಂದ ಸದ್ದಿಲ್ಲದ ಜಾಗ ಇಲ್ಲದಿದ್ದರೆ ಬೇರೆ ಟೀಚರನ್ನು ನೋಡಿಕೊಳ್ಳುತ್ತೇವೆ.

ಸುಪ್ರೀತಾ ಬೈಯಲಿಲ್ಲ. "ಪರ್ವಾಗಿಲ್ಲ ಮಾವ" ಎಂದಳು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ! ಮಗ ರಿತೇಶ್ ಮೀನುಗಾರಿಕೆ ಬೋಟಿನಲ್ಲಿ ಹೋಗಿ ನಾಲ್ಕೇ ದಿನವಾಗಿತ್ತು, ಬರಲು ಇನ್ನೂ ವಾರ ಬೇಕು. ಮೆಕ್ಯಾನಿಕ್ ಸೋಮವಾರ ಬರುತ್ತೇನೆ ಎಂದಿದ್ದ. ಕ್ಲಾಸ್ ಮಾತ್ರ ಇವತ್ತೇ ಐದಕ್ಕೆ.

ಕಿಟ್ಟಣ್ಣ ಬೆಳಗ್ಗೆಯೇ ಫಳ್ನೀರಿನ ಮುಝಮ್ಮಿಲ್‌ನ ಅಂಗಡಿಗೆ ಹೋಗಿ ಕೇಬಲ್, ಹಿಂದಿನ ಕೋಣೆಗೊಂದು ಸಣ್ಣ ವೈಫೈ ಪೆಟ್ಟಿಗೆ ತಂದರು. "ತುದಿಗೆ ಕ್ಲಿಪ್ ಹಾಕಿ ಕೊಡ್ಲಾ ಕಿಟ್ಟಣ್ಣ?" ಎಂದು ಮುಝಮ್ಮಿಲ್ ಕೇಳಿದ್ದಕ್ಕೆ, "ಗೋಡೆಯ ತೂತಿನಲ್ಲಿ ಸಿಕ್ಕಿಕೊಳ್ತದೆ ಮಾರಾಯ, ಕ್ಲಿಪ್ಪೂ ಅದನ್ನು ಒತ್ತುವ ಇಕ್ಕಳವೂ ಕೊಡು, ನಾನೇ ಹಾಕ್ತೇನೆ" ಎಂದರು.

ಡ್ರಿಲ್ಲಿಂಗ್ ಮೆಷಿನ್ ಪಕ್ಕದ ಮನೆಯದು. ಅದರ ಕೊರೆಯುವ ಮೊಳೆ ಒಂದು ಗೇಣು, ಗೋಡೆ ಎರಡು ಗೇಣು! ಕಿಟ್ಟಣ್ಣ ಹೆದರಲಿಲ್ಲ. ಹಾಲಿನ ನೆಲದಿಂದ ಐದು ಗೇಣು ಅಳೆದು ಈ ಕಡೆಯಿಂದ ಕೊರೆದರು. ಅಡಿಗೆಮನೆಯ ನೆಲದಿಂದಲೂ ಐದು ಗೇಣು ಅಳೆದು ಆ ಕಡೆಯಿಂದ ಕೊರೆದರು. ತೂತುಗಳು ಒಂದನ್ನೊಂದು ಸೇರಲೇ ಇಲ್ಲ!

"ಅಡಿಗೆಮನೆ ಒಂದು ಮೆಟ್ಟಿಲು ಕೆಳಗೆ ಉಂಟಲ್ವಾ?" ಎಂದರು ಅಪ್ಪಿಯಕ್ಕ.

"ಅದನ್ನು ಮೊದಲೇ ಹೇಳ್ಲಿಕ್ಕೆ ಎಂತ?"

"ಮೂವತ್ತು ವರ್ಷದಿಂದ ಇಳಿದು ಬರ್ತಾ ಇದ್ದೀರಿ, ನಾನು ಬೇರೆ ಹೇಳ್ಬೇಕಾ?"

ಕಿಟ್ಟಣ್ಣ ಉಳಿ, ಸುತ್ತಿಗೆ ಹಿಡಿದರು. ಮೇಲಿನ ತೂತನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಒಡೆಯುತ್ತಾ ಹೋದಂತೆ ಗೋಡೆಯಲ್ಲಿ ಒಂದು ಎಳನೀರಿನ ಬೊಂಡ ತೂರಿಸುವಷ್ಟು ಬಾಗಿಲು ತೆರೆಯಿತು! ಕಲ್ಲಿನ ಕೆಂಪು ಹುಡಿ, ಕೆಳಗೆ ಮಸಾಲೆ ಹಚ್ಚಿಟ್ಟಿದ್ದ ಎಂಟು ಬಂಗುಡೆ ಮೀನುಗಳ ಮೇಲೆ ಸುರಿಯಿತು. ಮಸಾಲೆ ಯಾವುದು, ಮನೆ ಯಾವುದು, ಗೊತ್ತಾಗಲಿಲ್ಲ.

"ಇದನ್ನು ಎಂತ ಮಾಡುದು ಈಗ?"

"ತೊಳಿ ಮಾರಾಯ್ತಿ! ಹೊಸತು ಹಚ್ಚು!"

ನಾಲ್ಕೂವರೆಗೆ ಕೇಬಲ್ ಅಡಿಗೆಮನೆ ದಾಟಿ, ಬಾಗಿಲ ಸಂದಿಯಿಂದ ಹಿಂದಿನ ಕೋಣೆ ಸೇರಿತು. ತುದಿ ಸುಲಿದರೆ ಒಳಗೆ ಎಂಟು ಬಣ್ಣದ ಎಳೆಗಳು! ಕಿಟ್ಟಣ್ಣ ಮುಝಮ್ಮಿಲ್‌ಗೆ ಫೋನ್ ಮಾಡಿದರು.

"ಸಾಲು ತಪ್ಪಬಾರ್ದು ಕಿಟ್ಟಣ್ಣ. ಕೇಸರಿ-ಬಿಳಿ, ಕೇಸರಿ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು."

ಕಿಟ್ಟಣ್ಣನ ಕಣ್ಣಿಗೆ ಕೇಸರಿಯೂ ಕಂದೂ ಒಂದೇ. ಅಪ್ಪಿಯಕ್ಕ ಟಾರ್ಚ್ ಹಿಡಿದು ಬಣ್ಣ ಕೂಗಿದರು. ಹರಿದ ಬಲೆಯ ಕಣ್ಣುಗಳನ್ನು ಅರ್ಧ ಆಯುಷ್ಯ ಹೆಣೆದ ಬೆರಳುಗಳು ಎಂಟು ಎಳೆಗಳನ್ನೂ ಒಂದರ ಪಕ್ಕ ಒಂದು ಮಲಗಿಸಿ ಕ್ಲಿಪ್ಪಿನೊಳಗೆ ತೂರಿಸಿದವು. ಇಕ್ಕಳ 'ಟಕ್' ಎಂದಿತು. ಹಾಲಿನ ಕಡೆಯದ್ದೂ 'ಟಕ್'! ಐದಕ್ಕೆ ಎರಡು ನಿಮಿಷ ಇರುವಾಗ ಹಿಂದಿನ ಕೋಣೆಯ ಪೆಟ್ಟಿಗೆಯಲ್ಲಿ ಹಸಿರು ದೀಪ ಮಿನುಗಿತು.

"ಮಾವಾ! ಹದಿನೇಳೂ ಮುಖ ಕಾಣ್ತದೆ! ಒಂದೂ ನಿಲ್ಲುದಿಲ್ಲ!" ಸುಪ್ರೀತಾ ಬಾಗಿಲು ಹಾಕಿಕೊಂಡು ಭಿನ್ನರಾಶಿ ಮುಂದುವರಿಸಿದಳು. ಕ್ಲಾಸ್ ಮುಗಿದ ಮೇಲೆ ತಾಯಂದಿರ ಸಂದೇಶ ಓದಿ ಹೇಳಿದಳು: "ಇನ್ನೂ ಐದು ಮಕ್ಕಳು ಸೇರ್ತಾರಂತೆ!"

ಮರುದಿನ ಸಂಜೆ ಕಿಟ್ಟಣ್ಣ ಹಾಲಿನ ಸೋಫಾದಲ್ಲಿ ರಾಜನಂತೆ ಕಾಲು ಚಾಚಿ ಕಬಡ್ಡಿ ಹಾಕಿದರು. ಮನೆ ಅವರದು, ರಿಮೋಟ್ ಅವರದು! ಆಗಲೇ ತಲೆಯ ಹಿಂದಿನ ಗೋಡೆ ಮಾತಾಡಿತು:

"ತೆಂಗಿನಕಾಯಿ ತುರಿದು ಕೊಡಿ!"

ತಿರುಗಿ ನೋಡಿದರೆ ತೂತಿನಲ್ಲಿ ಅಪ್ಪಿಯಕ್ಕನ ಒಂದು ಕಣ್ಣು. ಮೂವತ್ತು ವರ್ಷ ಆ ದಪ್ಪ ಗೋಡೆಯ ಪುಣ್ಯದಿಂದ 'ಕೇಳಲಿಲ್ಲ' ಎಂದು ಪಾರಾಗಿದ್ದ ಕಿಟ್ಟಣ್ಣ ತುರಿದು ಕೊಟ್ಟರು. ಕೂತದ್ದೇ ತಡ, "ಗ್ಯಾಸ್ ಬುಕ್ ಮಾಡಿ!" ಮತ್ತೆ ಕೂತರೆ, "ಬಟ್ಟೆ ಒಳಗೆ ತನ್ನಿ!"

ಕಿಟ್ಟಣ್ಣ ಮೆಲ್ಲ ಎದ್ದು, ಹಳೇ ಲುಂಗಿಯ ತುಂಡು ಉಂಡೆ ಮಾಡಿ ತೂತಿನ ಹತ್ತಿರ ಒಯ್ದರು.

"ಮುಚ್ಚಿದರೆ ನೋಡಿ! ಮೂವತ್ತು ವರ್ಷದಲ್ಲಿ ನೀವು ಈ ಮನೆಗೆ ಮಾಡಿದ ಒಳ್ಳೆ ಕೆಲಸ ಈ ತೂತೊಂದೇ!" ಎಂದಿತು ಗೋಡೆ.